ರಥದಲ್ಲಿದ್ದ ದೊಡ್ಡ ಅಧಿಕಾರಿ

ಗೊರೇಬಾಳದ ನಮ್ಮ ಸಭೆ ಅಂದರೆ ತಗಡಿನ ಶೆಡ್ಡು, ಒಂದು ಕೀಬೋರ್ಡು, ಕಿವಿ ಗುಂಯ್‌ಗುಡಿಸುವ ಸ್ಪೀಕರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಂಬಿ ಆಂಧ್ರದಿಂದ ಬಂದು ಕ್ಯಾಂಪ್ ಕಟ್ಟಿದವರ ಜೊತೆ ಭತ್ತವೂ ಬಂತು, ತೆಲುಗು ಪ್ರಾರ್ಥನೆಯೂ ಬಂತು. ಪಾಸ್ಟರು ತೆಲುಗಿನಲ್ಲಿ ಹೇಳಿದ್ದನ್ನು ಒಬ್ಬ ಬ್ರದರ್ ಅದೇ ಏರುದನಿಯಲ್ಲಿ ಕನ್ನಡ ಮಾಡುತ್ತಿದ್ದ. ಹೀಗಾಗಿ ನರಕದ ವಿಷಯ ನಮಗೆ ಯಾವಾಗಲೂ ಎರಡೆರಡು ಸಲ ಗೊತ್ತಾಗುತ್ತಿತ್ತು.

ನನ್ನ ಮನಸ್ಸು ಹುಡುಗರ ಕಡೆಗೇ ಅನ್ನುವುದು ಬಯಲಾದಾಗ ಯಾರೂ ಬೈಯಲಿಲ್ಲ. ಉಪವಾಸ ಪ್ರಾರ್ಥನೆ ಇಟ್ಟರು. ಹಣೆಗೆ ಎಣ್ಣೆ ಹಚ್ಚಿ, ಹೆಗಲು ಹಿಡಿದು ಅಲುಗಾಡಿಸಿ, ದುರಾತ್ಮಕ್ಕೆ ಹೊರಗೆ ಬಾ ಅಂದರು. ಬರಲಿಲ್ಲ. "ನಿನ್ನ ವಿಶ್ವಾಸ ಕಮ್ಮಿ ಬಿತ್ತು, ತಮ್ಮಾ" ಅಂದರು. ಅಮೆರಿಕದಲ್ಲಿ ನನ್ನಂಥವರನ್ನು ಬದಲಾಯಿಸುತ್ತೇವೆ ಎಂದು ಹೊರಟಿದ್ದ ಎಕ್ಸೋಡಸ್ ಇಂಟರ್‌ನ್ಯಾಷನಲ್ 2013ರಲ್ಲಿ ಕ್ಷಮೆ ಕೇಳಿ ಬಾಗಿಲು ಹಾಕಿತು. ಆ ಸುದ್ದಿ ನಮ್ಮ ಶೆಡ್ಡು ಮುಟ್ಟಲಿಲ್ಲ.

ಎಲ್ಲಮ್ಮನ ಕೊಡ ಹೊತ್ತು, ಸೀರೆ ಉಟ್ಟ ಜೋಗಪ್ಪ ಬಂದರೆ ಅಜ್ಜಿ ಮೊರದ ತುಂಬ ಜೋಳ ತಂದು ಹಾಕಿ ಕಾಲಿಗೆ ಬೀಳುತ್ತಿದ್ದಳು. ಸಭೆ ಸೇರಿದ ಅವ್ವ ಬಾಗಿಲು ಮುಚ್ಚುತ್ತಿದ್ದಳು. ಹಳೇ ಊರಿನಲ್ಲಿ ಎಲ್ಲರಿಗೂ ಜಾಗ ಇತ್ತು ಎಂದು ಬೆಂಗಳೂರಿನ ಗೆಳೆಯರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಜೋಗಪ್ಪನ ಕಾಲಿಗೆ ಬಿದ್ದವರೇ ತಮ್ಮ ಮಗ ಎಲ್ಲಮ್ಮನ ಮುತ್ತು ಕಟ್ಟಿಸಿಕೊಂಡು ಜೋಗಪ್ಪ ಆದರೆ ಹೊರಗೆ ಹಾಕುತ್ತಿದ್ದರು. ಹಾಗೆ ಮುತ್ತು ಕಟ್ಟಿಸಿಕೊಂಡವರಲ್ಲಿ ಒಬ್ಬರಾದ ಮಂಜಮ್ಮ ಜೋಗತಿ ಅವರ ಪದ್ಮಶ್ರೀ 2021ರದು. ಅದಕ್ಕೂ ಮುಂಚಿನ ಭಿಕ್ಷೆಯ ವರ್ಷಗಳನ್ನು ಯಾರೂ ಸನ್ಮಾನಿಸಲಿಲ್ಲ. ಇನ್ನು ಪ್ಯಾಂಟು ಹಾಕಿ, ಮೀಸೆ ಬಿಟ್ಟು, ದೇವಿಯ ಹೆಸರೆತ್ತದೆ ಗಂಡಸನ್ನು ಇಷ್ಟಪಡುವವನಿಗೆ ಅಜ್ಜಿಯ ಮೊರದಲ್ಲೂ ಜೋಳ ಇರಲಿಲ್ಲ.

2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಐಪಿಸಿ 377ನೇ ಕಲಮಿನ ಹಲ್ಲು ಕೀಳುವ ಹೊತ್ತಿಗೆ ನಾನು ಸಭೆ ಬಿಟ್ಟಿದ್ದೆ, ಬೈಬಲ್ ಬಿಟ್ಟಿರಲಿಲ್ಲ. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ಇಥಿಯೋಪ್ಯದ ಕಂಚುಕಿಯೊಬ್ಬ, ಅಂದರೆ ಬೀಜ ಒಡೆಸಿದ ಗಂಡಸು, ರಥ ನಿಲ್ಲಿಸಿ, ದಾರಿ ಪಕ್ಕದ ನೀರಿನಲ್ಲೇ ಫಿಲಿಪ್ಪನಿಂದ ದೀಕ್ಷಾಸ್ನಾನ ಪಡೆಯುತ್ತಾನೆ. ಮೋಶೆಯ ಧರ್ಮಶಾಸ್ತ್ರ ಅಂಥ ದೇಹದವರನ್ನು ಸಭೆಯ ಹೊರಗಿಟ್ಟಿತ್ತು. ಮೊದಲು ವಾಸಿ ಮಾಡಿಕೊಂಡು ಬಾ ಎಂದು ಫಿಲಿಪ್ಪ ಹೇಳಲಿಲ್ಲ. ಕಾಲುವೆಯಲ್ಲಿ ನನ್ನನ್ನು ಮುಳುಗಿಸುವ ಮುಂಚೆಯೂ ಈ ಕಥೆ ಹೇಳಿದ್ದರು. ರಥ ಇತ್ತು, ನೀರಿತ್ತು; ಕಂಚುಕಿ ಮಾತ್ರ ಬರೀ "ದೊಡ್ಡ ಅಧಿಕಾರಿ" ಆಗಿದ್ದ.

ಶೆಡ್ಡಿಗೆ ಈಗ ಸ್ಲ್ಯಾಬ್ ಬಿದ್ದಿದೆ. ಅವ್ವ ಹೆಣ್ಣು ನೋಡುವ ಮಾತು ನಿಲ್ಲಿಸಿದ್ದಾಳೆ.

"ಕ್ರಿಸ್ಮಸ್ಸಿಗೆ ಬರ್ತಿಯಿಲ್ಲೋ?"

"ಬರ್ತೀನಿ. ಸಭೆಗೆ ಬರಂಗಿಲ್ಲ."

"ಬ್ಯಾಡ ಬಿಡು. ಪಾಸ್ಟರು ಊಟಕ್ಕ ನಮ್ಮನಿಗೇ ಬರ್ತಾರ."