ರೈಲಿಗೆ ಹೆಸರು ಕೊಟ್ಟ ಸೀಮೆ, ರೈಲು ಕಾಣದ ಸೀಮೆ

ಬೆಂಗಳೂರಿನ ದೊಡ್ಡ ರೈಲು ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು. ಅಲ್ಲಿಂದ ರಾತ್ರಿ ಹೊರಟು ಹುಬ್ಬಳ್ಳಿ, ಧಾರವಾಡ, ಬೆಳಗಾವಿ ದಾಟಿ ಮಿರಜದ ಕಡೆ ಓಡುವ ಗಾಡಿಗೆ ರಾಣಿ ಚೆನ್ನಮ್ಮನ ಹೆಸರು. ಆದರೆ ರಾಯಣ್ಣನ ಸಂಗೊಳ್ಳಿಗೆ ರೈಲಿಲ್ಲ. ಚೆನ್ನಮ್ಮ ಆಳಿದ ಕಿತ್ತೂರಿಗೂ ಇಲ್ಲ. ಸೆರೆಯಲ್ಲಿದ್ದ ರಾಣಿ 1829ರ ಫೆಬ್ರುವರಿ 2ರಂದು ಕಣ್ಣು ಮುಚ್ಚಿದ ಬೈಲಹೊಂಗಲಕ್ಕೂ ಇಲ್ಲ. ಚೆನ್ನಮ್ಮ ಎಕ್ಸ್‌ಪ್ರೆಸ್ ಧಾರವಾಡದವರೆಗೆ ಬಂದು, ತವರಿನ ಬಾಗಿಲಿಗೆ ಬಂದೂ ಒಳಗೆ ಕಾಲಿಡದ ಮಗಳಂತೆ, ಅಳ್ನಾವರ-ಲೋಂಡಾ ಕಾಡಿನ ದಾರಿ ಹಿಡಿದುಬಿಡುತ್ತದೆ.

ಬೆಳಗಾವಿ ಜಿಲ್ಲೆಯ ಆಗ್ನೇಯಕ್ಕೆ ಹರಡಿರುವ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಮಲಪ್ರಭೆಯ ಸೀಮೆಯ ಊರುಗಳು. ಬೈಲಹೊಂಗಲ ಹತ್ತಿಯ ಪೇಟೆ. ಕಿತ್ತೂರಿನ ಅರಮನೆ ಪಾಳುಬಿದ್ದರೂ ಧ್ರುವತಾರೆಯನ್ನು ನೋಡುತ್ತಿದ್ದ ಕಿಂಡಿಯನ್ನು ಮಕ್ಕಳಿಗೆ ಇಂದಿಗೂ ತೋರಿಸುತ್ತಾರೆ. ಸವದತ್ತಿ ಹಿಂದೆ ರಟ್ಟರ ರಾಜಧಾನಿ. ಊರಾಚೆ ಯಲ್ಲಮ್ಮನ ಗುಡ್ಡ, ಅತ್ತ ನವಿಲುತೀರ್ಥದ ಅಣೆಕಟ್ಟು, ಅದರ ಹಿಂದೆ ಸಮುದ್ರದಂತೆ ಚಾಚಿದ ರೇಣುಕಾಸಾಗರ. ರಾಮದುರ್ಗ ಒಂದು ಕಾಲಕ್ಕೆ ಪುಟ್ಟ ಸಂಸ್ಥಾನ, ಈಗ ನೇಕಾರರ ಊರು. ಇಷ್ಟೆಲ್ಲ ಇದ್ದ ಸೀಮೆಗೆ ಇಲ್ಲದಿರುವುದು ಒಂದೇ, ರೈಲಿನ ಹಳಿ.

ಯಾಕೆ ಹೀಗಾಯಿತು? ಉತ್ತರ 1880ರ ದಶಕದಲ್ಲಿದೆ. 1876-78ರ ಭೀಕರ ಬರದ ಬಳಿಕ ಈ ಭಾಗಕ್ಕೆ ರೈಲು ಬೇಕೆಂಬ ಯೋಚನೆ ಬಲಿಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿಕೊಂಡಿತು. ಬಯಲುಸೀಮೆಯ ಹತ್ತಿ ಕಡಲಿಗೆ ಮುಟ್ಟಬೇಕಿತ್ತು, ಬಂದರು ಗೋವೆಯ ಮರ್ಮಗೋವಾದಲ್ಲಿತ್ತು. ಹಾಗಾಗಿ ಧಾರವಾಡದಿಂದ ಹಳಿ ಪಶ್ಚಿಮಕ್ಕೆ ತಿರುಗಿ ಅಳ್ನಾವರ, ಲೋಂಡಾ, ಕ್ಯಾಸಲ್‌ರಾಕ್ ಮೂಲಕ ಘಟ್ಟ ಇಳಿಯಿತು. ಬೆಳಗಾವಿಗೆ ಹೋಗುವ ಹಳಿ ಲೋಂಡಾದಲ್ಲಿ ಕವಲೊಡೆದು ಉತ್ತರಕ್ಕೆ ಏರಿತು. ಹತ್ತಿ ಬೆಳೆಯುವ ಬೈಲಹೊಂಗಲ, ಸವದತ್ತಿಯ ಎರೆ ಹೊಲಗಳು ಈ ತ್ರಿಕೋನದ ಹೊರಗೇ ಉಳಿದವು. ಇವತ್ತಿಗೂ ಧಾರವಾಡದಿಂದ ಬೆಳಗಾವಿಗೆ ರೈಲಿನಲ್ಲಿ ಹೋದರೆ ಸುಮಾರು 121 ಕಿಲೋಮೀಟರ್. ಕಿತ್ತೂರಿನ ಮೇಲೆ ಹಾಯುವ ಹೆದ್ದಾರಿಯಲ್ಲಾದರೆ ಎಪ್ಪತ್ತೈದರ ಆಸುಪಾಸು. ಬಸ್ಸು ರೈಲಿಗಿಂತ ಮೊದಲು ಮುಟ್ಟುವ ಊರುಗಳು ನಮ್ಮಲ್ಲಿ ಇನ್ನೂ ಇವೆ ಎಂದರೆ ದೂರದವರು ನಂಬುವುದಿಲ್ಲ!

ಹಳಿ ಇಲ್ಲದ ಊರಿಗೆ ರೈಲಿನ ವೇಳಾಪಟ್ಟಿಯ ಗೊಡವೆ ಏಕೆ ಎಂದು ನೀವು ಕೇಳಬಹುದು. ನಿಜ ಹೇಳಬೇಕೆಂದರೆ ನಿಲ್ದಾಣ ಇರುವ ಊರಿನವರಿಗಿಂತ ಹೆಚ್ಚಿನ ಗೊಡವೆ ಇವರದೇ. ಬೆಳಗಾವಿಯವನು ಗಾಡಿಯ ವೇಳೆ ಹತ್ತು ನಿಮಿಷ ಹಿಂದೆ ಸರಿದರೆ ಹತ್ತು ನಿಮಿಷ ಮೊದಲೇ ಏಳುತ್ತಾನೆ. ರಾಮದುರ್ಗದವನಿಗೆ ಅದೇ ಹತ್ತು ನಿಮಿಷ ಒಂದು ಬಸ್ಸು ತಪ್ಪಿಸಬಹುದು, ಆ ಬಸ್ಸು ಒಂದು ಇಡೀ ದಿನವನ್ನೇ ನುಂಗಬಹುದು. ರಾಮದುರ್ಗದಿಂದ ಸವದತ್ತಿ ಸುಮಾರು ನಲವತ್ತು ಕಿಲೋಮೀಟರ್, ಅಲ್ಲಿಂದ ಧಾರವಾಡ ಮತ್ತೆ ಅಷ್ಟೇ. ಹೊಸ ವೇಳಾಪಟ್ಟಿಯನ್ನು ನಿಲ್ದಾಣದ ಗೋಡೆಗೆ ಅಂಟಿಸುತ್ತಾರೆ. ನಿಲ್ದಾಣವೇ ಇಲ್ಲದ ಊರಲ್ಲಿ ಯಾವ ಗೋಡೆಗೆ ಅಂಟಿಸಬೇಕು?

ಹೀಗಾಗಿ ಇಲ್ಲಿ ವೇಳಾಪಟ್ಟಿ ಬಾಯಿಂದ ಬಾಯಿಗೆ ಹರಿಯುತ್ತದೆ. ಬಸ್ ನಿಲ್ದಾಣದ ಚಹಾದಂಗಡಿ, ಬೆಂಗಳೂರಿನಲ್ಲಿ ನೌಕರಿ ಮಾಡುವ ಮಗನ ಫೋನು, ನಿನ್ನೆಯಷ್ಟೇ ಹೋಗಿಬಂದ ಪಕ್ಕದ ಮನೆಯವರು ಇವರೇ ವಿಚಾರಣಾ ಕಚೇರಿ. ಮೊಬೈಲಿನಲ್ಲಿ ಗಾಡಿ ಎಲ್ಲಿದೆ ಎಂದು ಕಾಣುತ್ತದೆ ನಿಜ, ಆದರೆ ಗಾಡಿಗೆ ಮುಟ್ಟಿಸುವ ಬಸ್ಸು ಎಲ್ಲಿದೆ ಎಂದು ಕಾಣಬೇಕಲ್ಲ. ಚೀಲ ಹಿಡಿದ ಹಿರಿಯರು ಕಂಡಕ್ಟರನನ್ನು ಕೇಳುತ್ತಾರೆ: ‘ಧಾರವಾಡಕ್ಕ ಎಷ್ಟಕ್ಕ ಮುಟ್ಟತದೋ ತಮ್ಮಾ?’ ಉತ್ತರ ಸಿದ್ಧವಿರುತ್ತದೆ: ‘ಮುಟ್ಟಿದಾಗ ಮುಟ್ಟತದರೀ ಅಜ್ಜಾರ, ನಡುವ ಹಳ್ಳಿ ಮಂದಿನೂ ಹತ್ತಬೇಕಲ್ಲ.’ ಇಬ್ಬರ ಮಾತೂ ನ್ಯಾಯವೇ.

ಈ ಅನಿಶ್ಚಯದ ರುಚಿ ಇತ್ತೀಚಿನ ವರ್ಷಗಳಲ್ಲಿ ಚೆನ್ನಾಗಿಯೇ ಸಿಕ್ಕಿತು. ಬೆಂಗಳೂರು-ಧಾರವಾಡ ವಂದೇ ಭಾರತ್ 2023ರ ಜೂನ್ 27ರಂದು ಓಡತೊಡಗಿತು. ಅದನ್ನು ಬೆಳಗಾವಿಗೆ ವಿಸ್ತರಿಸುವ ಮಾತು ಬಂತು. ಅದೇ ವರ್ಷ ನವೆಂಬರಿನಲ್ಲಿ ಪ್ರಾಯೋಗಿಕವಾಗಿ ಓಡಿಸಿಯೂ ನೋಡಿದರು. ಜನ ಹಾರ ಹಾಕಿ ಬರಮಾಡಿಕೊಳ್ಳಲು ಸಜ್ಜಾದರು. ಆಮೇಲೆ ಇವತ್ತು, ನಾಳೆ, ಮುಂದಿನ ತಿಂಗಳು ಎಂದು ದಿನ ಉರುಳಿದವು. ಕೊನೆಗೆ ಬೆಂಗಳೂರು-ಬೆಳಗಾವಿ ನಡುವೆ ಬೇರೆಯದೇ ಒಂದು ವಂದೇ ಭಾರತ್‌ಗೆ ಹಸಿರು ನಿಶಾನೆ ಸಿಕ್ಕಿದ್ದು 2025ರ ಆಗಸ್ಟ್ 10ರಂದು. ಆರಂಭದ ವೇಳಾಪಟ್ಟಿಯಂತೆ ಅದು ಬೆಳಗಾವಿ ಬಿಡುವುದು ನಸುಕಿನ 5.20ಕ್ಕೆ. ಬೆಳಗಾವಿಗೆ ಇದು ಹಬ್ಬ. ಬೈಲಹೊಂಗಲದವರಿಗೆ? ನಲವತ್ತೈದು ಕಿಲೋಮೀಟರ್ ದೂರದಿಂದ ಆ ಹೊತ್ತಿಗೆ ಮುಟ್ಟಬೇಕೆಂದರೆ ಒಂದೋ ಹಿಂದಿನ ರಾತ್ರಿಯೇ ಬೀಗರ ಮನೆಯಲ್ಲಿ ಮಲಗಬೇಕು, ಇಲ್ಲವೇ ಕಾರು ಮಾಡಿಸಿಕೊಳ್ಳಬೇಕು. ಗಾಡಿಯ ವೇಗ ಹೆಚ್ಚಿತು, ಗಾಡಿಯನ್ನು ಮುಟ್ಟುವ ವೇಗ ಹೆಚ್ಚಲಿಲ್ಲ.

ಯಲ್ಲಮ್ಮನ ಗುಡ್ಡದ ಮಾತೇ ಬೇರೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಲಕ್ಷಗಟ್ಟಲೆ ಭಕ್ತರು ಬರುತ್ತಾರೆ. ಎತ್ತಿನ ಚಕ್ಕಡಿ, ಟ್ರ್ಯಾಕ್ಟರ್, ಟೆಂಪೊ, ಬಸ್ಸು, ಕಾಲ್ನಡಿಗೆ ಹೀಗೆ ಎಲ್ಲ ಬಗೆಯಲ್ಲೂ ಬರುತ್ತಾರೆ. ‘ಉಧೋ ಉಧೋ’ ಎನ್ನುವ ಕೂಗಿನ ನಡುವೆ ಭಂಡಾರ ಹಾರುತ್ತದೆ. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ಸವದತ್ತಿಯ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲದ ದಿನಗಳೇ ಹೆಚ್ಚು. ಇಷ್ಟು ಜನ ಬರುವ ಕ್ಷೇತ್ರಕ್ಕೆ ರೈಲು ಹಾಕಿದರೆ ನಷ್ಟವೇ ಎಂದು ಇಲ್ಲಿಯವರು ಕೇಳುತ್ತಾರೆ. ಲೋಕಾಪುರದಿಂದ ರಾಮದುರ್ಗ, ಸವದತ್ತಿ ಮೂಲಕ ಧಾರವಾಡಕ್ಕೆ ಹಳಿ ಬೇಕೆಂಬುದು ಹಳೆಯ ಬೇಡಿಕೆ. ಅರ್ಜಿ, ನಿಯೋಗ, ಧರಣಿ, ಸಮೀಕ್ಷೆ ಎಲ್ಲ ಆಗಿವೆ. ಪ್ರತಿ ಸಲ ಅಡ್ಡ ಬರುವುದು ಆದಾಯದ ಲೆಕ್ಕ. ಅತ್ತ ಲೋಕಾಪುರದ ಮೇಲೆ ಹೋಗುವ ಬಾಗಲಕೋಟೆ-ಕುಡಚಿ ಹಳಿಯೂ ತನ್ನ 142 ಕಿಲೋಮೀಟರ್ ದಾರಿಯಲ್ಲಿ ಖಜ್ಜಿಡೋಣಿಯವರೆಗೆ ಬಂದು ವರ್ಷಗಟ್ಟಲೆ ದಣಿವಾರಿಸಿಕೊಂಡಿತು. ನೇಕಾರನಿಗೆ ಹಾಸು ಮುಗಿಯದೆ ಹೊಕ್ಕಿನ ಚಿಂತೆ ಇಲ್ಲ. ರಾಮದುರ್ಗದವರು ಅದನ್ನು ಬಲ್ಲವರು, ಕಾಯುತ್ತಾರೆ.

ಕಿತ್ತೂರಿಗೆ ಮಾತ್ರ ಕಾಗದದ ಮೇಲಾದರೂ ರೈಲು ಬಂದಿದೆ. ಬೆಳಗಾವಿಯ ಸಂಸದ ಸುರೇಶ ಅಂಗಡಿ 2019ರಲ್ಲಿ ರೈಲ್ವೆ ರಾಜ್ಯ ಸಚಿವರಾದಾಗ ಧಾರವಾಡ-ಕಿತ್ತೂರು-ಬೆಳಗಾವಿ ನೇರ ಹಳಿಗೆ ಜೀವ ಬಂತು. ಉದ್ದ ಸುಮಾರು 73 ಕಿಲೋಮೀಟರ್, ಅಂದಾಜು ವೆಚ್ಚ 900 ಕೋಟಿ ರೂಪಾಯಿಗೂ ಮೇಲೆ. ತೇಗೂರು, ಕಿತ್ತೂರು, ಎಂ.ಕೆ. ಹುಬ್ಬಳ್ಳಿ, ಬಾಗೇವಾಡಿ, ಕೆ.ಕೆ. ಕೊಪ್ಪ, ದೇಸೂರು ಹೀಗೆ ನಿಲ್ದಾಣಗಳ ಹೆಸರೂ ಬಾಯಿಗೆ ಬಂದವು. 2020ರ ಸೆಪ್ಟೆಂಬರ್ 23ರಂದು ಕೊರೊನಾ ಆ ಸಚಿವರನ್ನೇ ಕೊಂಡೊಯ್ದಿತು. ನಕ್ಷೆ ಉಳಿಯಿತು, ಅದರ ಹಿಂದೆ ನಿಂತು ಬೆನ್ನುಹತ್ತುವವರು ಇಲ್ಲವಾದರು.

ಆದರೆ ತಡಕ್ಕೆ ಕಚೇರಿಗಳನ್ನಷ್ಟೇ ದೂರಿದರೆ ಅರ್ಧ ಸತ್ಯವಾದೀತು. ಹಳಿ ಗಾಳಿಯಲ್ಲಿ ಹೋಗುವುದಿಲ್ಲ, ಹೊಲದಲ್ಲಿ ಹೋಗುತ್ತದೆ. ಕೆ.ಕೆ. ಕೊಪ್ಪ, ಗರ್ಲಗುಂಜಿ, ದೇಸೂರು ಕಡೆಯ ರೈತರು ಫಲವತ್ತಾದ ಭೂಮಿ ಕೊಡಲೊಲ್ಲೆವು, ದಾರಿ ಬದಲಿಸಿ ಎಂದು ಎದ್ದು ನಿಂತರು. ಅಜ್ಜನ ಕಾಲದಿಂದ ಉತ್ತಿಬಿತ್ತಿದ ಎರಡು ಎಕರೆಯ ನಡುವೆ ಹಳಿ ಹಾಯ್ದರೆ ಆ ಕಡೆಗೊಂದು ತುಂಡು, ಈ ಕಡೆಗೊಂದು ತುಂಡು. ಬಾವಿ ಅತ್ತ, ಮನೆ ಇತ್ತ. ಪರಿಹಾರದ ಹಣಕ್ಕೆ ಅಂಥದೇ ಮಣ್ಣು ಮತ್ತೆ ಸಿಕ್ಕೀತೇ? ರೈಲು ಏರಿ ಒಂದು ಗಂಟೆ ಉಳಿಸುವವನು ಬೇರೆ, ಭೂಮಿ ಕಳೆದುಕೊಳ್ಳುವವನು ಬೇರೆ. ಇವರಿಬ್ಬರನ್ನೂ ಒಂದೇ ಜಗಲಿಯ ಮೇಲೆ ಕೂರಿಸಿ ಮಾತು ಮುಗಿಸುವ ಕೆಲಸ ಬೇಗ ಆಗಿದ್ದರೆ ಹಳಿಯೂ ಬೇಗ ಬರುತ್ತಿತ್ತೇನೋ.

ಹುಬ್ಬಳ್ಳಿಯಲ್ಲಿ 2023ರಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮಿನ ಉದ್ದ 1,507 ಮೀಟರ್. ಜಗತ್ತಿನಲ್ಲೇ ಅತಿ ಉದ್ದದ್ದು ಎಂಬ ಹೆಗ್ಗಳಿಕೆ ಅದರದು. ಅಲ್ಲಿಂದ ಒಂದೆರಡು ತಾಸಿನ ದಾರಿಯಲ್ಲಿರುವ ಈ ನಾಲ್ಕು ಊರುಗಳು ಕೇಳುವುದು ಅಂಥದ್ದನ್ನಲ್ಲ. ನಾಲ್ಕು ಬೋಗಿ ನಿಲ್ಲುವಷ್ಟು ಕಟ್ಟೆ, ಒಂದು ಬೇವಿನ ಮರ, ಒಂದು ನಲ್ಲಿ, ಗೋಡೆಗೊಂದು ವೇಳಾಪಟ್ಟಿ ಇದ್ದರೆ ಸಾಕು. ಅದು ಬರುವವರೆಗೆ ಆಗಬಹುದಾದ ಸಣ್ಣ ಕೆಲಸವೂ ಇದೆ. ಗಾಡಿಯ ಹೊತ್ತು ಬದಲಾದಾಗ ಬಸ್ಸಿನ ಹೊತ್ತೂ ಬದಲಾಗಲಿ, ಬದಲಾದದ್ದನ್ನು ಬಸ್ ನಿಲ್ದಾಣದಲ್ಲಿ ಕನ್ನಡದಲ್ಲಿ ಬರೆದು ಹಚ್ಚಲಿ. ಅದಕ್ಕೆ ಭೂಮಿಯೂ ಬೇಡ, ಕೋಟಿಯೂ ಬೇಡ.

ವೇಳಾಪಟ್ಟಿ ಎಂದರೆ ಕೊಟ್ಟ ಮಾತು. ಗಾಡಿ ತಡವಾದರೆ ಮಾತು ತಪ್ಪಿತೆಂದು ಜನ ಗೊಣಗುತ್ತಾರೆ, ಸ್ಟೇಷನ್ ಮಾಸ್ತರರ ಮುಂದೆ ಹೋಗಿ ನಿಲ್ಲುತ್ತಾರೆ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದವರಿಗೆ ಅಷ್ಟರ ಭಾಗ್ಯವೂ ಇನ್ನೂ ಬಂದಿಲ್ಲ. ಗಾಡಿ ತಡವಾಯಿತೆಂದು ಸಿಟ್ಟಾಗಲಿಕ್ಕಾದರೂ ಒಂದು ನಿಲ್ದಾಣ ಬೇಕಲ್ಲವೇ?