ನರ್ಸಿಂಗ್ ಹೋಮಿನ ಹಿಂಬಾಗಿಲು

ಬಹಳ ದಿನ ಆಯ್ತು ಇಲ್ಲಿ ಏನಾದರೂ ಬರೆದು. ಆಫೀಸಿನಲ್ಲಿ ಒಂದು ರಿಲೀಸು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. ಆದರೆ ಈ ಸಲ ಊರಿಗೆ ಹೋಗಿ ಬಂದ ಮೇಲೆ ಒಂದು ವಿಷಯ ತಲೆಯಲ್ಲಿ ಕೊರೀತಾನೇ ಇದೆ. ಬರೆದು ಬಿಡೋಣ ಅಂತ ಕೂತೆ.

ಹೊರದೇಶಗಳಲ್ಲಿ ನರ್ಸಿಂಗ್ ಹೋಮ್ ಅಂದರೆ ವಯಸ್ಸಾದವರನ್ನು ನೋಡಿಕೊಳ್ಳುವ ಮನೆ. ನಮ್ಮ ಕಡೆ ಅದರ ಅರ್ಥವೇ ಬೇರೆ. ಕೆಳಗಡೆ ಮೆಡಿಕಲ್ ಸ್ಟೋರು, ಅದರ ಪಕ್ಕ ಕಿರಿದಾದ ಮೆಟ್ಟಿಲು, ಮೇಲೆ ಹತ್ತು ಹದಿನೈದು ಹಾಸಿಗೆ, ಒಂದು ಆಪರೇಷನ್ ಥಿಯೇಟರು, ಒಬ್ಬರೋ ಇಬ್ಬರೋ ಡಾಕ್ಟರು, ಬಹುಪಾಲು ಗಂಡ ಹೆಂಡತಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಯಾವ ಪೇಟೆಗೆ ಹೋದರೂ ಇಂಥದ್ದು ಕಾಣುತ್ತೆ. ಈ ನಾಲ್ಕು ತಾಲ್ಲೂಕು ಸೇರಿದರೆ ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗ. ನಮ್ಮ ನೆಂಟರಿಷ್ಟರೆಲ್ಲ ಹೆಚ್ಚುಕಮ್ಮಿ ಇದರೊಳಗೇ ಇದ್ದಾರೆ. ನಾನು ಹುಟ್ಟಿದ್ದೂ ಇಂಥದೇ ಒಂದು ನರ್ಸಿಂಗ್ ಹೋಮಿನಲ್ಲಿ.

ಹಾಗಾಗಿ ಇವರನ್ನು ಬೈಯೋದಕ್ಕೆ ಅಂತ ನಾನು ಬರೀತಿಲ್ಲ. ರಾತ್ರಿ ಎರಡು ಗಂಟೆಗೆ ಹೊಟ್ಟೆನೋವು ಅಂತ ಓಡಿದಾಗ ಬಾಗಿಲು ತೆಗೆಯೋರು ಇವರೇ. ಆದರೆ "ತಪಾಸಣೆಯಲ್ಲಿ ಲೋಪ ಪತ್ತೆ, ನೋಟಿಸ್ ಜಾರಿ" ಅನ್ನೋ ಸುದ್ದಿ ಪೇಪರಿನ ಒಳಪುಟದಲ್ಲಿ ಬಂದಾಗಲೆಲ್ಲ ನಾವು ಓದಿ ಪುಟ ತಿರುಗಿಸ್ತೀವಲ್ಲ, ಆ ಲೋಪ ಅಂದರೆ ನಿಜವಾಗಿ ಏನು ಅಂತ ಮೂರು ರಾತ್ರಿ ಪಕ್ಕದಲ್ಲೇ ಕೂತು ನೋಡಿದೆ.

ಕಳೆದ ತಿಂಗಳು ದೊಡ್ಡಮ್ಮನಿಗೆ ಗರ್ಭಕೋಶದ ಆಪರೇಷನ್ ಆಯ್ತು. ಯಾವ ಊರು, ಯಾವ ನರ್ಸಿಂಗ್ ಹೋಮು ಅಂತ ಹೇಳೋಲ್ಲ. ಆಪರೇಷನ್ ಚೆನ್ನಾಗೇ ಆಯ್ತು, ದೊಡ್ಡಮ್ಮ ಈಗ ಹುಷಾರಾಗಿದ್ದಾರೆ. ಅಟೆಂಡರ್ ಆಗಿ ರಾತ್ರಿ ಉಳಿದವನು ನಾನು. ನಿದ್ದೆ ಬರಲ್ಲ, ಫೋನಿನ ಚಾರ್ಜು ಮುಗಿದಿತ್ತು. ಟೆಸ್ಟಿಂಗ್ ಟೀಮಿನಲ್ಲಿ ಕೆಲಸ ಮಾಡುವವನಿಗೆ ಒಂದು ರೋಗ ಇರುತ್ತೆ, ಎಲ್ಲಿ ಕೂತರೂ ಇಲ್ಲಿ ಏನು ತಪ್ಪಬಹುದು ಅಂತ ಹುಡುಕೋದು :-)

ಮೊದಲು ಕಂಡಿದ್ದು ಹಿಂಬಾಗಿಲು. ಮೇಲೆ ಹಸಿರು ಅಕ್ಷರದಲ್ಲಿ "ತುರ್ತು ನಿರ್ಗಮನ" ಅಂತ ಚೆಂದದ ಬೋರ್ಡು. ಕೆಳಗೆ ಬೀಗ. ಬೀಗದ ಮುಂದೆ ಡ್ರಿಪ್ ಬಾಟಲಿಗಳ ರಟ್ಟಿನ ಪೆಟ್ಟಿಗೆಗಳು ಎದೆಯುದ್ದಕ್ಕೆ. ಕೀ ಎಲ್ಲಿ ಅಂದರೆ ವಾಚ್‌ಮನ್ ಹತ್ತಿರ. ವಾಚ್‌ಮನ್ ಎಲ್ಲಿ ಅಂದರೆ ಊಟಕ್ಕೆ ಹೋಗಿದ್ದಾನೆ. ಅದೇ ಗೋಡೆಗೆ ಒರಗಿಸಿದ ಆಕ್ಸಿಜನ್ ಸಿಲಿಂಡರುಗಳು, ಒಂದಕ್ಕೂ ಸರಪಳಿ ಇಲ್ಲ.

2011ರ ಡಿಸೆಂಬರ್ 9ರಂದು ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯಲ್ಲಿ ಬೆಂಕಿ ಬಿದ್ದು ಸುಮಾರು 90 ಜನ ಸತ್ತರು. ಬೆಂಕಿ ಹುಟ್ಟಿದ್ದು ಸಾಮಾನು ತುಂಬಿದ್ದ ನೆಲಮಾಳಿಗೆಯಲ್ಲಿ, ಹೆಚ್ಚಿನವರು ಸತ್ತಿದ್ದು ಮೇಲಿನ ಮಹಡಿಗಳಲ್ಲಿ, ಹೊಗೆ ಕುಡಿದು. ಅದು ದೊಡ್ಡ ಆಸ್ಪತ್ರೆ, ನಮ್ಮೂರಿಗೂ ಅದಕ್ಕೂ ಏನು ಸಂಬಂಧ ಅನ್ನಬಹುದು. ಸರಿ, 2024ರ ಮೇ 25ರ ರಾತ್ರಿ ದೆಹಲಿಯ ವಿವೇಕ ವಿಹಾರದಲ್ಲಿ ಸುಟ್ಟಿದ್ದು ಒಂದು ಪುಟ್ಟ ಮಕ್ಕಳ ಆಸ್ಪತ್ರೆ. 5 ಹಾಸಿಗೆಗೆ ಅನುಮತಿ ಇದ್ದ ಕಡೆ 12 ಕೂಸುಗಳಿದ್ದವು. ಪರವಾನಗಿ ಮಾರ್ಚ್ 31ಕ್ಕೇ ಮುಗಿದಿತ್ತು. ಹಸುಗೂಸುಗಳು ಸತ್ತವು. ಈ ಲೋಪಗಳೆಲ್ಲ ಬೆಂಕಿಗೂ ಮೊದಲೇ ಯಾರಾದರೂ ಹೋಗಿ ನೋಡಿದ್ದರೆ ಕಣ್ಣಿಗೆ ಬೀಳುವಂಥವೇ.

ಎರಡನೇ ರಾತ್ರಿ ಕಂಡಿದ್ದು ಇದಕ್ಕಿಂತ ಚಿಕ್ಕ ವಿಷಯ. ನರ್ಸ್ ಕೂರುವ ಜಾಗದ ಪಕ್ಕ ಒಂದು ಫ್ರಿಜ್ಜು. ಬಾಗಿಲಿಗೆ ಅಂಟಿಸಿದ ಉಷ್ಣಾಂಶದ ಚಾರ್ಟು. ಬೆಳಿಗ್ಗೆ 4 ಡಿಗ್ರಿ, ಸಂಜೆ 4 ಡಿಗ್ರಿ. ಒಂದೇ ಪೆನ್ನು, ಒಂದೇ ಕೈಬರಹ. ಅವತ್ತು ತಾರೀಕು 18. ಚಾರ್ಟು 30ರವರೆಗೆ ಭರ್ತಿಯಾಗಿತ್ತು!

ನಗು ಬಂತು. ಆಮೇಲೆ ಭಯ ಆಯ್ತು. ಆ ಫ್ರಿಜ್ಜಿನಲ್ಲಿ ಇಡುವ ಔಷಧಿಗಳಲ್ಲಿ ಆಕ್ಸಿಟೋಸಿನ್ ಅಂತ ಒಂದು ಇದೆ. ಹೆರಿಗೆ ಆದ ಕೂಡಲೇ ಕೊಡುವ ಇಂಜೆಕ್ಷನ್ನು, ಗರ್ಭಕೋಶ ಬಿಗಿಯಾಗಿ ರಕ್ತಸ್ರಾವ ನಿಲ್ಲಲಿ ಅಂತ. ಅದನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು. ಬಿಸಿ ತಾಕುತ್ತಾ ಹೋದರೆ ಅದರ ಶಕ್ತಿ ಕುಂದುತ್ತೆ. ಹಾಲಿನ ಹಾಗೆ ಒಡೆಯಲ್ಲ, ಬಣ್ಣ ತಿರುಗಲ್ಲ. ನೋಡಿದರೆ ಗೊತ್ತಾಗುವುದೇ ಇಲ್ಲ. ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಜನರೇಟರ್ ಥಿಯೇಟರಿಗೆ ಇತ್ತು, ಫ್ರಿಜ್ಜಿಗೆ ಇರಲಿಲ್ಲ. ಹೆರಿಗೆಯಾದ ಹೆಂಗಸು ಒಂದೆರಡು ಗಂಟೆಯಲ್ಲಿ ರಕ್ತ ಹೋಗಿಯೇ ಸಾಯಬಹುದು. ಆ ಒಂದೆರಡು ಗಂಟೆ ಯಾರ ಕೈಯಲ್ಲಿದೆ ಅಂದರೆ ಈ ಚಾರ್ಟಿನ ಕೈಯಲ್ಲಿ.

ಮೂರನೇ ರಾತ್ರಿ ನರ್ಸ್ ಹುಡುಗಿ ಹತ್ತಿರ ಮಾತಾಡಿದೆ. ಪಕ್ಕದ ಹಳ್ಳಿಯವಳು, ನನ್ನ ತಂಗಿ ವಯಸ್ಸು. ಬೆಳಿಗ್ಗೆ ಡ್ಯೂಟಿ ಮುಗಿಸಿ ರಾತ್ರಿದೂ ಅವಳೇ ಮಾಡ್ತಿದ್ದಳು. ಹದಿನಾಲ್ಕು ಜನ ರೋಗಿಗಳು, ಅವಳೊಬ್ಬಳೇ. ಯಾರಾದರೂ ಬಂದು ಚೆಕ್ ಮಾಡಲ್ವೇನಮ್ಮಾ ಅಂದೆ.

"ಬತ್ತಾರೆ ಕಣಣ್ಣ. ಅವತ್ತು ನಾವು ನಾಕ್ ಜನ ಇರ್ತೀವಿ" ಅಂದಳು.

ಹೊಟ್ಟೆಗೆ ಗುದ್ದಿದ ಹಾಗಾಯ್ತು. ಯಾಕಂದ್ರೆ ಇದು ನನಗೆ ಹೊಸದಲ್ಲ. ನಮ್ಮ ಆಫೀಸಿಗೆ ಕ್ಲೈಂಟ್ ಆಡಿಟ್ ಬರುವ ವಾರ ಡಾಕ್ಯುಮೆಂಟುಗಳಿಗೆಲ್ಲ ಹಳೆ ತಾರೀಕು ಹಾಕಿ ಸಹಿ ಮಾಡಿಸುವ ಸಂಭ್ರಮ ನಾನೂ ನೋಡಿದ್ದೀನಿ. ಆದರೆ ನಮ್ಮಲ್ಲಿ ತಪ್ಪಾದರೆ ಒಂದು ವೆಬ್‌ಸೈಟು ಅರ್ಧ ಗಂಟೆ ಬೀಳುತ್ತೆ, ಅಷ್ಟೇ.

ಕಾನೂನು ಇಲ್ಲ ಅಂತಲ್ಲ. 1976ರಲ್ಲೇ ಕರ್ನಾಟಕದಲ್ಲಿ ಖಾಸಗಿ ನರ್ಸಿಂಗ್ ಹೋಮುಗಳ ಕಾಯ್ದೆ ಬಂತು. ಅದರ ಜಾಗಕ್ಕೆ 2007ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಎಲ್ಲರೂ ಕೆಪಿಎಂಇ ಅನ್ನೋದು. 2017ರಲ್ಲಿ ಅದಕ್ಕೆ ತಿದ್ದುಪಡಿ ತಂದಾಗ ಖಾಸಗಿ ಡಾಕ್ಟರುಗಳ ಮುಷ್ಕರ ನಡೆದದ್ದು ನೆನಪಿರಬಹುದು. ಈಗ ನೋಂದಣಿಯನ್ನೂ ದೂರನ್ನೂ ನೋಡಿಕೊಳ್ಳಲು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಇದೆ, ಜಿಲ್ಲಾ ಆರೋಗ್ಯಾಧಿಕಾರಿ ಅದರ ಕಾರ್ಯದರ್ಶಿ. ನೋಂದಣಿ ಪತ್ರ ಗೋಡೆಯ ಮೇಲಿರಬೇಕು, ದರಪಟ್ಟಿ ಕಾಣುವಂತಿರಬೇಕು. ಕಸಕ್ಕೆ 2016ರ ನಿಯಮ: ರಕ್ತ ಮೆತ್ತಿದ ಹತ್ತಿ, ಬಟ್ಟೆ ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ನಳಿಕೆಗಳು ಕೆಂಪಿಗೆ, ಸೂಜಿ ಬ್ಲೇಡು ಚುಚ್ಚಿ ಹೊರಬಾರದ ಬಿಳಿ ಡಬ್ಬಕ್ಕೆ, ಗಾಜಿನ ಬಾಟಲಿ ನೀಲಿಗೆ. ಸಂಸ್ಕರಿಸದೆ 48 ಗಂಟೆ ಮೀರಿ ಇಟ್ಟುಕೊಳ್ಳುವಂತಿಲ್ಲ. ನಾನು ನೋಡಿದ ಕಡೆ ನಾಲ್ಕು ಬಣ್ಣದ ಬಕೆಟ್ಟೂ ಇದ್ದವು, ಸಾಲಾಗಿ, ಥಳಥಳ ಅಂತ. ಸೂಜಿಗಳು ಮಾತ್ರ ಬಾತ್‌ರೂಮಿನ ಪಕ್ಕದ ಹಳೇ ಪೇಂಟ್ ಡಬ್ಬದಲ್ಲಿ.

ಅಂದರೆ ತಪಾಸಣೆ ಅಳೆಯೋದು ಬಕೆಟ್ಟು ಇದೆಯಾ ಅಂತ. ನಮಗೆ ಬೇಕಾಗಿರೋದು ಸೂಜಿ ಎಲ್ಲಿ ಬೀಳ್ತಿದೆ ಅನ್ನೋದು. ಹಗಲು ಹನ್ನೊಂದು ಗಂಟೆಗೆ ಜೀಪಿನಲ್ಲಿ ಬಂದವರಿಗೆ ರಾತ್ರಿ ಹನ್ನೊಂದು ಗಂಟೆಯ ನರ್ಸಿಂಗ್ ಹೋಮ್ ಕಾಣೋದೇ ಇಲ್ಲ.

ಇದರ ಇನ್ನೊಂದು ಮುಖ ನಮ್ಮ ಜಿಲ್ಲೆಯವರಿಗೆ ಚೆನ್ನಾಗಿ ಗೊತ್ತು, ಹೇಳಿಕೊಳ್ಳೋದಕ್ಕೆ ನಾಚಿಕೆ. 2023ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಭ್ರೂಣಲಿಂಗ ಪತ್ತೆ ಜಾಲವೊಂದನ್ನು ಹಿಡಿದರು. ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡಿದ್ದು ಎಲ್ಲಿ? ಮಂಡ್ಯದ ಹತ್ತಿರ ಒಂದು ಆಲೆಮನೆಯಲ್ಲಿ. ಬೆಲ್ಲದ ಕೊಪ್ಪರಿಗೆ ಪಕ್ಕ! ಮೂರು ವರ್ಷಗಳಲ್ಲಿ 900ರಷ್ಟು ಭ್ರೂಣಹತ್ಯೆ ನಡೆದಿದೆ ಅಂತ ತನಿಖೆಯ ಸುದ್ದಿಗಳಲ್ಲಿ ಬಂತು, ಕೇಸು ಸಿಐಡಿಗೆ ಹೋಯ್ತು. ಆಮೇಲೆ 2024ರ ಮೇ ತಿಂಗಳಲ್ಲಿ ಪಾಂಡವಪುರದಲ್ಲಿ, ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಇನ್ನೊಂದು ಪ್ರಕರಣ. ತಪಾಸಣೆ ಮಾಡಬೇಕಾದ ಇಲಾಖೆಯ ಕಾಂಪೌಂಡಿನೊಳಗೆ.

1994ರ ಕಾಯ್ದೆ ಪ್ರಕಾರ ಸ್ಕ್ಯಾನಿಂಗ್ ಯಂತ್ರ ಇರುವ ಕಡೆ ನೋಂದಣಿ ಇರಬೇಕು, "ಇಲ್ಲಿ ಭ್ರೂಣದ ಲಿಂಗ ತಿಳಿಸುವುದಿಲ್ಲ" ಅನ್ನುವ ಬೋರ್ಡು ಇರಬೇಕು, ಪ್ರತಿ ಗರ್ಭಿಣಿಗೂ ಫಾರಂ ಎಫ್ ತುಂಬಬೇಕು. ಅದರಲ್ಲಿ ತಪ್ಪಿದರೆ ಬರೀ ಬರವಣಿಗೆಯ ತಪ್ಪು ಅಂತ ಜಾರಿಕೊಳ್ಳುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಎಲ್ಲ ಸರಿ. ಆದರೆ ಬೋರ್ಡು ಇರುವ ಕಡೆ ಬೋರ್ಡು ಇದೆಯಾ ಅಂತ ನೋಡಬಹುದು. ಆಲೆಮನೆಗೆ ಯಾವ ಬೋರ್ಡು? ಗರ್ಭಪಾತ ಅನ್ನೋದೇ ಅಪರಾಧ ಅಲ್ಲ. 1971ರಿಂದ ಅದಕ್ಕೆ ಕಾನೂನಿನ ದಾರಿ ಇದೆ. ಹೆಣ್ಣು ಅಂತ ತಿಳಿದು ತೆಗೆಸುವುದಕ್ಕೆ ಆ ದಾರಿ ಇಲ್ಲ, ಅದಕ್ಕೇ ಇವರಿಗೆ ಹಿಂಬಾಗಿಲು ಬೇಕು. ಅಲ್ಲಿ ರಕ್ತ ಹೋದರೆ ರಕ್ತ ಇಲ್ಲ, ಜ್ಞಾನ ತಪ್ಪಿದರೆ ಡಾಕ್ಟರಿಲ್ಲ. ದೂರು ಕೊಡುವ ಹಾಗೂ ಇಲ್ಲ, ಕರೆದುಕೊಂಡು ಹೋದವರು ಮನೆಯವರೇ!

ನನಗೆ ಇದೆಲ್ಲ ಯಾಕೆ ಈಗ ಅಂದರೆ, ಅಕ್ಕನಿಗೆ ಏಳು ತಿಂಗಳು. ಎರಡನೆಯದು. ಮೊದಲನೆಯವಳು ಮೂರೂವರೆ ವರ್ಷದ ಚಿನ್ನು, ಇಡೀ ಮನೆಯನ್ನೇ ಆಳುವವಳು. ಎರಡನೆಯದು ಅಂತ ಗೊತ್ತಾದ ಹೊಸದರಲ್ಲೇ ಭಾವನ ಕಡೆಯ ಅಜ್ಜಿ ಒಬ್ಬರು, "ಒಸಿ ತೋರುಸ್ಕಂಡ್ ಬಂದ್ಬುಟ್ರೆ ಆಗಕಿಲ್ವಾ ಮಗಾ, ಎಲ್ಲಾರೂವೆ ಮಾಡುಸ್ತಾರಂತೆ" ಅಂದಿದ್ದರು. ಕೆಟ್ಟವರಲ್ಲ ಆ ಅಜ್ಜಿ. ಚಿನ್ನುವಿಗೆ ದಿನಾ ತಲೆ ಬಾಚುವವರೂ ಅವರೇ. ಭಾವ ಬಾಯಿ ಬಿಡುವ ಮೊದಲೇ ಅಕ್ಕ ಅಂದಳು, "ತೋರುಸ್ಕಳಾಕೆ ಅದೇನ್ ಜಾತ್ರೆನಾ ಅಜ್ಜಿ? ಹುಟ್ಟಿದ ಮೇಲೆ ಎಲ್ಲಾರೂ ನೋಡ್ಬೋದು ಬುಡಿ." ಮಾತು ಅಲ್ಲಿಗೇ ನಿಂತಿತು.

ಆದರೆ ಹೆರಿಗೆ ಎಲ್ಲಿ ಅನ್ನೋದು ತೀರ್ಮಾನ ಆಗಿರಲಿಲ್ಲ. ದೊಡ್ಡಮ್ಮ ಇದ್ದ ನರ್ಸಿಂಗ್ ಹೋಮೇ ಮನೆಗೆ ಹತ್ತಿರ. ಡಾಕ್ಟರು ಒಳ್ಳೆಯವರು, ಅರ್ಧ ತಾಲ್ಲೂಕಿನ ಹೆರಿಗೆ ಅವರ ಕೈಯಲ್ಲೇ ಆಗಿದೆ. ಡಿಸ್ಚಾರ್ಜ್ ದಿನ ಧೈರ್ಯ ಮಾಡಿ ಬಾಗಿಲು, ಚಾರ್ಟು, ರಾತ್ರಿ ಡ್ಯೂಟಿ ಮೂರನ್ನೂ ಅವರಿಗೆ ಹೇಳಿದೆ. ಸಿಟ್ಟಾಗ್ತಾರೆ ಅಂದುಕೊಂಡಿದ್ದೆ. ಆಗಲಿಲ್ಲ. ನರ್ಸಿಂಗ್ ಓದಿದ ಹುಡುಗಿಯರು ಒಂದು ವರ್ಷ ಅನುಭವ ಆಗುತ್ತಲೇ ಬೆಂಗಳೂರಿಗೆ, ಗಲ್ಫಿಗೆ ಹೋಗಿಬಿಡ್ತಾರೆ, ಉಳಿಸಿಕೊಳ್ಳುವಷ್ಟು ಸಂಬಳ ಕೊಡಬೇಕಾದರೆ ನಿಮ್ಮ ಬಿಲ್ಲು ಏರಿಸಬೇಕು, ಏರಿಸಿದರೆ ನೀವು ಮೈಸೂರಿಗೆ ಹೋಗ್ತೀರಿ ಅಂದರು. ಸುಳ್ಳಲ್ಲ. ಪೆಟ್ಟಿಗೆಗಳನ್ನು ಮಾತ್ರ ನನ್ನೆದುರೇ ತೆಗೆಸಿದರು.

ಅದಕ್ಕೇ ನನಗೆ ಅನ್ನಿಸೋದು, ಬೀಗ ಜಡಿಯೋದೊಂದೇ ಪರಿಹಾರ ಅಲ್ಲ. ಪೇಟೆಯ ನರ್ಸಿಂಗ್ ಹೋಮ್ ಮುಚ್ಚಿದರೆ ಹಳ್ಳಿಯವರಿಗೆ ಉಳಿಯೋದು ಒಂದೋ ದೂರದ ಊರು, ಇಲ್ಲಾ ಪದವಿಯೇ ಇಲ್ಲದ ಡಾಕ್ಟರು. ತಪಾಸಣೆ ರಾತ್ರಿಯೂ ಆಗಲಿ, ಹೇಳದೆಯೂ ಆಗಲಿ. ಕಂಡ ಲೋಪವನ್ನು ಅದೇ ಗೋಡೆಗೆ ಅಂಟಿಸಲಿ, ಸರಿಪಡಿಸುವ ತಾರೀಕಿನ ಸಮೇತ, ರೋಗಿಯ ಕಡೆಯವರು ಓದುವ ಹಾಗೆ. ನಮ್ಮಲ್ಲಿ ಪ್ರತಿ ಬಗ್ಗಿಗೂ ಒಬ್ಬನ ಹೆಸರು, ಒಂದು ಗಡುವು ಇರುತ್ತೆ. ಇಲ್ಲಿ ಅಷ್ಟು ಸಾಕು.

ಅಲ್ಲಿಯವರೆಗೆ ನಾವೇ ಕೇಳಬೇಕು. ಕೆಪಿಎಂಇ ನೋಂದಣಿ ಪತ್ರದ ಅವಧಿ ಮುಗಿದಿದೆಯಾ ಅಂತ ಗೋಡೆ ನೋಡಿ. ರಾತ್ರಿ ಎಷ್ಟು ಜನ ನರ್ಸ್ ಇರ್ತಾರೆ ಅಂತ ಕೇಳಿ. ಕರೆಂಟು ಹೋದರೆ ಜನರೇಟರು ಯಾವುದಕ್ಕೆಲ್ಲ ಇದೆ? ರಕ್ತ ಬೇಕಾದರೆ ಎಲ್ಲಿಂದ ತರಬೇಕು, ಎಷ್ಟು ಹೊತ್ತು? ಹಿಂಬಾಗಿಲನ್ನು ಒಮ್ಮೆ ತಳ್ಳಿ ನೋಡಿ. ಏರಿಸುವ ಡ್ರಿಪ್ ಬಾಟಲಿಯ ಬ್ಯಾಚ್ ನಂಬರಿನ ಫೋಟೋ ತೆಗೆದುಕೊಳ್ಳಿ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತಾಗ ಅನುಮಾನ ಬಂದಿದ್ದು ಐವಿ ದ್ರಾವಣದ ಮೇಲೆ. ಸರ್ಕಾರಿ ಅಂದ ಮಾತ್ರಕ್ಕೆ, ಖಾಸಗಿ ಅಂದ ಮಾತ್ರಕ್ಕೆ ನಿಶ್ಚಿಂತೆ ಇಲ್ಲ.

ಅಕ್ಕ ಈ ಪ್ರಶ್ನೆಗಳನ್ನೆಲ್ಲ ಕಾಗದದ ಮೇಲೆ ಬರೆದುಕೊಂಡು ಹೋಗಿ ಡಾಕ್ಟರನ್ನೇ ಕೇಳಿದಳಂತೆ. ಮೊದಲನೆಯದು ಸಿಸೇರಿಯನ್ ಆಗಿದ್ದರಿಂದ ಈ ಸಲ ರಕ್ತ ಕೈಗೆ ಸಿಗುವಂತಿರುವ ದೊಡ್ಡ ಆಸ್ಪತ್ರೆಯಲ್ಲೇ ಆಗಲಿ ಅಂತ ಅವರೇ ಚೀಟಿ ಬರೆದುಕೊಟ್ಟರು. ಕೇಳದೆ ಇದ್ದಿದ್ದರೆ ಬರೆದುಕೊಡುತ್ತಿದ್ದರೋ ಇಲ್ಲವೋ. ತಿಂಗಳ ಚೆಕಪ್ಪು ಮಾತ್ರ ಅವರ ಹತ್ತಿರವೇ. ಹೋದ ವಾರ ಹೋದಾಗ ಫ್ರಿಜ್ಜಿನ ಚಾರ್ಟು ನೋಡಿಕೊಂಡು ಬಾ ಅಂದಿದ್ದೆ.

ಅವತ್ತಿನ ತಾರೀಕಿನವರೆಗೆ ಮಾತ್ರ ತುಂಬಿತ್ತಂತೆ. ಬೆಳಿಗ್ಗೆ 5, ಹಿಂದಿನ ಸಂಜೆ 9.

9 ಡಿಗ್ರಿ ಅಂದರೆ ಜಾಸ್ತಿಯೇ. ಆದರೂ ನನಗೆ ಖುಷಿಯಾಯ್ತು. ಯಾರೋ ನಿಜವಾಗಿ ನೋಡಿ ಬರೆದಿದ್ದಾರೆ.