ಮಂದೆ ನಿಲ್ಲಿಸಿದರೆ ದುಡ್ಡು, ಮೇಯಿಸಿದರೆ ದಂಡ

ಶಿವರಾತ್ರಿ ಹತ್ತಿರ ಬಂತೆಂದರೆ ನಮ್ಮ ಗುಂಡ್ಲುಪೇಟೆ ಕಡೆಯ ವರದಿಗಾರರ ಫೋನು ಸುಮ್ಮನಿರುವುದಿಲ್ಲ. ‘ಸಾರ್, ಬೆಟ್ಟದ ಮೇಲೆ ಹೊಗೆ ಕಾಣ್ತಾ ಅದೆ’ ಅಂತ ಯಾರಾದರೂ ಹೇಳುತ್ತಾರೆ. ಗಾಡಿ ಹತ್ತಿ ಹೋಗುತ್ತೇವೆ. ಬೆಂಕಿಯ ಫೋಟೊ ಚೆನ್ನಾಗಿ ಬಂದರೆ ಪತ್ರಿಕೆಯಲ್ಲಿ ಒಳ್ಳೆಯ ಜಾಗ ಸಿಗುತ್ತದೆ. ಬೆಂಕಿ ಬೀಳದಂತೆ ಏನು ಮಾಡಬಹುದು ಅಂತ ಬರೆದು ಕಳಿಸಿದರೆ ಡೆಸ್ಕಿನಿಂದ ‘ಇವತ್ತು ಜಾಗ ಇಲ್ಲ’ ಅಂತ ಮೆಸೇಜು. ನನ್ನ ಆಡಿನ ಸುದ್ದಿಗೂ ಹಾಗೇ ಆಯಿತು. ಇಲ್ಲಿ ಜಾಗದ ತೊಂದರೆ ಇಲ್ಲವಲ್ಲ, ಬರೆಯುತ್ತೇನೆ.

2019ರ ಫೆಬ್ರವರಿ ನಿಮಗೆ ನೆನಪಿರಬೇಕು. ಗೋಪಾಲಸ್ವಾಮಿ ಬೆಟ್ಟದ ಸುತ್ತ, ಬಂಡೀಪುರದಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿಯಬೇಕಾಯಿತು. ಕಿಡಿ ಹಾಕಿದ್ದು ಯಾರು ಅನ್ನುವುದರ ಮೇಲೇ ಎಲ್ಲರ ಮಾತು ನಿಂತಿತು. ಅಷ್ಟೊಂದು ಉರಿಯಲು ಅಲ್ಲಿ ಇದ್ದದ್ದಾದರೂ ಏನು ಅಂತ ಕೇಳಿದವರು ಕಡಿಮೆ.

ಇದ್ದದ್ದು ಎದೆಮಟ್ಟದ ಒಣಹುಲ್ಲು, ಅದರ ಮೇಲೆ ಲಂಟಾನ ಪೊದೆ. ಬೆಂಕಿ ನೆಲದಲ್ಲೇ ಹರಿದರೆ ಸೊಪ್ಪಿನ ಕೊಂಬೆಯಲ್ಲಿ ಬಡಿದು ಆರಿಸಬಹುದು. ಹುಲ್ಲಿನಿಂದ ಪೊದೆಗೆ, ಪೊದೆಯಿಂದ ಮರದ ಕೆಳಗಿನ ಕೊಂಬೆಗೆ ಏಣಿ ಹತ್ತಿದ ಹಾಗೆ ಹತ್ತಿತೆಂದರೆ ಮನುಷ್ಯ ಹತ್ತಿರ ಹೋಗಲಾರ. ದನ ಹೆಚ್ಚಾಗಿ ಹುಲ್ಲನ್ನೇ ಮೇಯುತ್ತದೆ. ಕುರಿ ನೆಲ ಬಿಟ್ಟು ಮೇಲೆ ನೋಡುವುದು ಕಡಿಮೆ. ಆಡು ಹಾಗಲ್ಲ. ಹುಲ್ಲೂ ಬೇಕು, ಮುಳ್ಳುಗಿಡದ ಚಿಗುರೂ ಬೇಕು. ಹಿಂಗಾಲ ಮೇಲೆ ನಿಂತು ಕತ್ತು ಚಾಚಿದರೆ ಆಳೆತ್ತರದ ಕೊಂಬೆಗೂ ಬಾಯಿ ಹಾಕುತ್ತದೆ. ಆ ಏಣಿಯ ಮೆಟ್ಟಿಲನ್ನೇ ತಿಂದುಬಿಡುತ್ತದೆ ಅನ್ನಿ.

ಇದನ್ನು ಹಣ ಕೊಟ್ಟು ಮಾಡಿಸುವ ದೇಶಗಳಿವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೊನಾಲ್ಡ್ ರೇಗನ್ ಹೆಸರಿನ ದೊಡ್ಡ ಗ್ರಂಥಾಲಯ ಗುಡ್ಡದ ಮೇಲಿದೆ. 2019ರ ಮೇ ತಿಂಗಳಲ್ಲಿ ಅದರ ಸುತ್ತಲಿನ ಕುರುಚಲು ಮೇಯಿಸಲು ಸುಮಾರು 500 ಆಡುಗಳನ್ನು ಬಾಡಿಗೆಗೆ ತರಿಸಿದ್ದರು. ಅಕ್ಟೋಬರ್‌ನಲ್ಲಿ ಕಾಡ್ಗಿಚ್ಚು ಗುಡ್ಡದ ಬುಡಕ್ಕೇ ಬಂತು. ಕಟ್ಟಡ ಉಳಿಯಿತು. ಆಡುಗಳೇ ಉಳಿಸಿದವು ಅಂದರೆ ಉತ್ಪ್ರೇಕ್ಷೆ, ಅಗ್ನಿಶಾಮಕದವರು ಜೀವ ಒತ್ತೆಯಿಟ್ಟು ದುಡಿದಿದ್ದರು. ಆದರೆ ಮೇಯಿಸಿದ ಜಾಗ ತಮಗೆ ಹೆಚ್ಚು ಸಮಯ ಕೊಟ್ಟಿತು ಅಂತ ಅವರೇ ಹೇಳಿದರು. ಪೋರ್ಚುಗಲ್‌ನಲ್ಲಿ 2017ರ ಬೆಂಕಿಗೆ ನೂರಕ್ಕೂ ಹೆಚ್ಚು ಜನ ಸತ್ತರು. ಹಳ್ಳಿಯ ಹುಡುಗರು ಊರು ಬಿಟ್ಟಿದ್ದರು, ಆಡು ಕಾಯುವವರಿಲ್ಲದೆ ಹೊಲ ಗದ್ದೆಯೆಲ್ಲ ಪೊದೆಯಾಗಿತ್ತು. ಮರುವರ್ಷ ಅಲ್ಲಿನ ಸರ್ಕಾರ ಆಡು ಕಾಯುವವರಿಗೆ ಹಣ ಕೊಟ್ಟು ಕಾಡು ಮೇಯಿಸುವ ಯೋಜನೆ ತಂದಿತು. ಸ್ಪೇನಿನ ಕ್ಯಾಟಲೋನಿಯಾದಲ್ಲಿ ಹೀಗೆ ಬೆಂಕಿ ತಡೆಯಲು ಮೇಯ್ದ ಮಂದೆಯ ಮಾಂಸವನ್ನು ಅಂಗಡಿಯಲ್ಲಿ ಬೇರೆ ಗುರುತು ಹಾಕಿಯೇ ಮಾರುತ್ತಾರೆ.

ಇದನ್ನೆಲ್ಲ ನನ್ನ ಚಿಕ್ಕಪ್ಪನಿಗೆ ಹೇಳಿದೆ. ಅವರು ಆಡು ಕಾಯುತ್ತಲೇ ಮುದುಕರಾದವರು. ಕೇಳಿ ನಕ್ಕರು.

‘ಅಲ್ಲ ಕಣ್ ಮಗ, ಹೊಲ್ದಲ್ಲಿ ಮಂದೆ ನಿಲ್ಸುದ್ರೆ ರಾಗಿ ಕೊಡ್ತರೆ, ದುಡ್ಡೂ ಕೊಡ್ತರೆ. ಅದೇ ಆಡ ಕಾಡಂಚಲ್ಲಿ ಮೇಯ್ಸುದ್ರೆ ದಂಡ ಆಕ್ತರೆ. ಹಿಂದ್ಗಡೆಯಿಂದ ಬೀಳೋದಕ್ಕೆ ಬೆಲೆ ಅದೆ, ಬಾಯಿಗೆ ಇಲ್ಲ ನೋಡು.’

ಯೋಚಿಸಿದರೆ ನಿಜ. ಗೊಬ್ಬರಕ್ಕೆ ಮಂದೆ ನಿಲ್ಲಿಸಿ ಕೂಲಿ ಕೊಡುವುದು ನಮ್ಮ ರೈತರಿಗೆ ಹೊಸದಲ್ಲ. ಇಷ್ಟು ರಾತ್ರಿಗೆ ಇಷ್ಟು ಅಂತ ಮಾತಾಡಿ, ಕಾಯುವವನಿಗೆ ಊಟವನ್ನೂ ಕೊಡುತ್ತಾರೆ. ಹಾಗಿದ್ದರೆ ಮೇಯುವುದಕ್ಕೂ ಕೂಲಿ ಯಾಕೆ ಕೊಡಬಾರದು? ಪಂಚಾಯಿತಿಯವರು ಜೆಸಿಬಿ ಕರೆಸಿ ಕೆರೆ ಏರಿಯ ಗಿಡ ತೆಗೆಸುತ್ತಾರೆ. ತೋಟದವರು ಕಳೆನಾಶಕ ಹೊಡೆಸುತ್ತಾರೆ. ಅದರ ವಾಸನೆ ಆಚೆ ಹೊಲದವರೆಗೂ ಬರುತ್ತದೆ. ಆ ದುಡ್ಡಿನಲ್ಲಿ ಒಂದು ಪಾಲು ಮಂದೆಯವರಿಗೆ ಸಿಗಲಿ ಅನ್ನುತ್ತೇನೆ.

ಹಾಗಂತ ಆಡು ನುಗ್ಗಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ಯಾರೂ ತಿಳಿಯಬೇಡಿ. ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆಯೇನೋ ಇದೆ, ಆದರೆ ಲಂಟಾನ ಅದಕ್ಕೆ ವಿಷ. ಹಸಿವು ತಾಳದೆ ತಿಂದ ಪ್ರಾಣಿಗೆ ಕಾಮಾಲೆ ಬರುತ್ತದೆ, ಬಿಸಿಲಿಗೆ ಚರ್ಮ ಬಿರಿದು ಸುಲಿಯುತ್ತದೆ. ಪಾರ್ಥೇನಿಯಮ್ಮೂ ಮೇವಲ್ಲ. ಲಂಟಾನವನ್ನು ಬೇರು ಸಮೇತ ಆಳುಗಳೇ ಕಿತ್ತು ತೆಗೆಯಬೇಕು. ತೆಗೆದ ಜಾಗದಲ್ಲಿ ಆಮೇಲೆ ಬರುವ ಹುಲ್ಲು, ಕುರುಚಲನ್ನು ಹತೋಟಿಯಲ್ಲಿಡುವುದು ಆಡಿನ ಕೆಲಸ. ಬಳ್ಳಾರಿ ಜಾಲಿ ಇರುವ ಕಡೆ ಇನ್ನೂ ಎಚ್ಚರ ಬೇಕು. ಅದರ ಕಾಯಿ ತಿಂದ ಆಡು ಹೋದಲ್ಲೆಲ್ಲ ಹಿಕ್ಕೆಯ ಜೊತೆ ಬೀಜ ಬಿತ್ತುತ್ತದೆ.

ಕಾಲವೂ ಮುಖ್ಯ. ಫೆಬ್ರವರಿಯಲ್ಲಿ ಕಡ್ಡಿಯಾದ ಹುಲ್ಲನ್ನು ಆಡು ಮೂಸಿ ಬಿಡುತ್ತದೆ. ಹಿಂಗಾರು ಮಳೆ ನಿಲ್ಲುವ ಹೊತ್ತಿಗೆ, ಹಸಿರು ಇನ್ನೂ ಇರುವಾಗಲೇ, ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಮೇಯಿಸಬೇಕು. ಅದೂ ಒಂದೇ ಕಡೆ ವಾರಗಟ್ಟಲೆ ನಿಲ್ಲಿಸಿದರೆ ನೆಲ ಬೋಳಾಗುತ್ತದೆ, ಸಸಿ ಉಳಿಯುವುದಿಲ್ಲ.

ಇನ್ನು ಜಾಗ. ಹುಲಿ ಕಾಡಿನೊಳಗೆ ಆಡು ಬಿಡಿ ಅಂತ ನಾನು ಹೇಳುತ್ತಿಲ್ಲ. ಮಂದೆಯ ರೋಗ ಕಾಡುಪ್ರಾಣಿಗೆ ಹೋಗಬಹುದು. ಚಿರತೆ ಆಡು ಹಿಡಿದರೆ ಸಿಟ್ಟಿಗೆ ವಿಷ ಇಡುವವರೂ ಇದ್ದಾರೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದಲ್ಲಿ ವಿಷ ಬೆರೆಸಿದ ದನದ ಮಾಂಸ ತಿಂದು ತಾಯಿ ಹುಲಿಯೂ ನಾಲ್ಕು ಮರಿಗಳೂ ಸತ್ತವು. ಆಮೇಲೆ ಕಾಡಲ್ಲಿ ಮೇಯಿಸುವುದಕ್ಕೆ ಬಿಗಿ ಇನ್ನೂ ಹೆಚ್ಚಿತು. ಹೊಸ ಹುಲ್ಲು ಬರಲಿ ಅಂತ ಬೆಂಕಿ ಇಡುವ ಕಾಯುವವರೂ ಇದ್ದಾರೆ ಅನ್ನುವುದನ್ನು ನಾವು ಮುಚ್ಚಿಡಬಾರದು. ಆದರೆ ಕಾಡಿಗೂ ಹೊಲಕ್ಕೂ ನಡುವಿನ ಗೋಮಾಳ, ಕೆರೆ ಏರಿ, ರಸ್ತೆ ಬದಿ, ಕರೆಂಟ್ ಲೈನಿನ ಕೆಳಗೆ, ಮಾವಿನ ತೋಪು? ಬೀಡಿ ತುಂಡು ಬೀಳುವುದು, ಬೆಂಕಿ ಹೊರಡುವುದು ಹೆಚ್ಚಾಗಿ ಇಂಥ ಕಡೆಯೇ. ಇಲ್ಲಿ ಮೇಯಿಸಿದರೆ ಹುಲಿಗೂ ತೊಂದರೆ ಇಲ್ಲ.

ಗೋಮಾಳ ಒತ್ತುವರಿಯಾಗಿ, ಕಾಡು ಮುಚ್ಚಿ, ಈಗ ಚಿಕ್ಕಪ್ಪನ ಹತ್ತಿರ ಹದಿನಾಲ್ಕು ಆಡು ಉಳಿದಿವೆ. ಉಳಿದವನ್ನು ಎರಡು ವರ್ಷದಲ್ಲಿ ಸಂತೆಗೆ ಹೊಡೆದರು. ಮಕ್ಕಳು ಮೈಸೂರಿನಲ್ಲಿ ಕೆಲಸಕ್ಕಿದ್ದಾರೆ, ಯಾರೂ ಕಾಯಲು ಬರುವುದಿಲ್ಲ. ಪಂಚಾಯಿತಿ ಕರೆದರೆ ಏರಿ ಮೇಯಿಸಿಕೊಡುತ್ತೀರಾ ಅಂತ ಕೇಳಿದೆ.

‘ಕೂಲಿ ವಿಚಾರ ಆಮೇಲೆ ಬುಡು. ಮೊದ್ಲು ಒಂದು ನೀರ್ ತೊಟ್ಟಿ ಕಟ್ಸಕ್ಕೇಳು. ಬೀದಿನಾಯ್ಗಳ ಕಾಟ ತಪ್ಸಕ್ಕೇಳು. ಡಾಕ್ಟ್ರು ವರ್ಷಕ್ಕೊಂದ್ಸಲ ಬಂದು ಸೂಜಿ ಹಾಕ್ಲಿ. ಇಷ್ಟಾದ್ರೆ ನಾಳೆನೇ ಹೊಡ್ಕೊಂಡ್ ಬತ್ತೀನಿ.’

ಈ ಮೂರು ಬೇಡಿಕೆಯನ್ನು ಬರೆದುಕೊಂಡಿದ್ದೇನೆ. ಮುಂದಿನ ಗ್ರಾಮಸಭೆಯಲ್ಲಿ ಅರ್ಜಿ ಕೊಡುವುದಿದೆ. ನಿಮ್ಮೂರಲ್ಲೂ ಆಡು ಇಟ್ಟವರಿದ್ದರೆ ಅವರು ಕೇಳುವುದೇನು ಅಂತ ಒಂದು ಸಾಲು ಬರೆದು ಕಳಿಸಿ, ಅರ್ಜಿಗೆ ಸೇರಿಸುತ್ತೇನೆ.